ಮಜ್ಜಿಗೆ ಯಾರ ಕೈಗೆ

ಆ ಊರಿಗೆ ನಾನು ಬಂದೆನೋ ಇಲ್ಲವೋ ಎಂಬುದು ಮೊದಲ ದಿನ ಒಂದು ಲೋಟ ಮಜ್ಜಿಗೆಯ ಮೇಲೆ ನಿಂತಿತ್ತು. ಇಂಗ್ಲಿಷ್ ಮಾಸ್ತರಿಕೆಯ ಆರ್ಡರು ಕಿಸೆಯಲ್ಲಿತ್ತು, ಟ್ರಂಕು ಹೆಗಲ ಮೇಲಿತ್ತು, ಬಸ್ಸಿನ ಧೂಳು ಕಿವಿಯೊಳಗೂ ಹೊಕ್ಕಿತ್ತು. ಇಷ್ಟೆಲ್ಲ ಇದ್ದ ಮೇಲೆ ಬಂದ ಹಾಗೆಯೇ ಅಲ್ಲವೇ ಎಂದು ನೀವು ಕೇಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಶಾಲೆಯ ಬಾಗಿಲಲ್ಲಿ ಇಬ್ಬರು ಗಂಡಸರು ನನ್ನನ್ನು ತಡೆದು ಬದಿಗೆ ನಿಲ್ಲಿಸಿದರು. ಇಬ್ಬರ ತಲೆಗೂ ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ಒಬ್ಬ ಶಾಲೆಯ ಕಡೆ ಮುಖ ಮಾಡಿ, "ಇಂಗ್ಲಿಷ್ ಮಾಸ್ತರು ಬಂದಾರ" ಎಂದು ಕೂಗಿದ. ಆ ಕೂಗು ಆರುವ ಮೊದಲೇ ಇನ್ನೊಬ್ಬ ಅಷ್ಟೇ ಎತ್ತರದ ದನಿಯಲ್ಲಿ, "ಇಂಗ್ಲಿಷ್ ಮಾಸ್ತರು ಬಂದಿಲ್ಲ" ಎಂದು ಕೂಗಿದ. ಎದುರಿನ ಕಟ್ಟೆಯ ಮೇಲೆ ಕೂತಿದ್ದ ಸೋಮನಗೌಡರೆಂಬ ಹಿರಿಯರು ಕಣ್ಣು ಮುಚ್ಚಿಕೊಂಡು ಕೇಳಿ, "ಸಮ" ಎಂದರು. ಆಮೇಲೆ ಹೆಡ್‌ಮಾಸ್ತರು ಮಜ್ಜಿಗೆ ಹಿಡಿದು ಹೊರಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಲೋಟವನ್ನು ಮೊದಲಿನವನ ಕೈಗೆ ಕೊಟ್ಟರು. ಅವನು ಗಟಗಟ ಕುಡಿದ. ಅಲ್ಲಿಗೆ ನಾನು ಬಂದಂತಾಯಿತು.

ಇನ್ನೊಬ್ಬನ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಕೇಳಿದೆ. "ಏನಾಗತೈತ್ರಿ, ನೀವು ಬಂದಿಲ್ಲ ಅಂತ ಆಗತಿತ್ತು" ಎಂದರು ಹೆಡ್‌ಮಾಸ್ತರು. ನನ್ನ ಹಿಂದಿನ ಮಾಸ್ತರಿಗೆ ಹಾಗೇ ಆಗಿತ್ತಂತೆ. ಪಾಪ, ಅವನ ಮೀಸೆ ಹೆಡ್‌ಮಾಸ್ತರಿಗೆ ಹಿಡಿಸಿರಲಿಲ್ಲ. ಅವನು ಊರಲ್ಲೇ ಇದ್ದ, ಪಾಠ ಮಾಡಿದ, ಚಾದ ಅಂಗಡಿಗೂ ಹೋದ. ಯಾರೂ ಮಾತಾಡಿಸಲಿಲ್ಲ, ಚಾ ಕೊಡಲಿಲ್ಲ, ಏಕೆಂದರೆ ಅವನು ಬಂದಿರಲೇ ಇಲ್ಲ. ಕೊನೆಗೆ ಟ್ರಂಕು ಹೊತ್ತುಕೊಂಡು ಹೊರಟುಹೋದ. ಬಾರದವನು ಹೋದನೆಂದು ಕೂಗುವುದು ಹೇಗೆ? ಅದನ್ನೂ ಯಾರೂ ಕೂಗಲಿಲ್ಲ.

ಹುಟ್ಟು, ಸಾವು, ನಿಶ್ಚಯ, ಪರೀಕ್ಷೆ ಪಾಸಾದದ್ದು, ಎಮ್ಮೆ ಕಳೆದದ್ದು, ತೂಕದ ಸುದ್ದಿ ಯಾವುದೇ ಇರಲಿ, ಆ ಇಬ್ಬರು ಬಾಗಿಲಿಗೆ ಬಂದು ಸಮದನಿಯಲ್ಲಿ ಹೇಳಬೇಕು. ಒಬ್ಬ ಆಯಿತು ಎನ್ನಬೇಕು, ಇನ್ನೊಬ್ಬ ಆಗಿಲ್ಲ ಎನ್ನಬೇಕು. ಒಂದು ದನಿ ಕೂದಲೆಳೆಯಷ್ಟು ತಗ್ಗಿದರೂ ಸೋಮನಗೌಡರು ಸಮ ಎನ್ನುವುದಿಲ್ಲ, ಮರುದಿನ ಮತ್ತೆ ಕೂಗಬೇಕು. ಸಮ ಎಂದ ಮೇಲೆ ಮನೆಯವರು ಯಾರ ಕೈಗೆ ಮಜ್ಜಿಗೆ ಕೊಟ್ಟರೋ ಅವನ ಮಾತು ನಿಂತಿತು, ಊರೆಲ್ಲ ಅದರಂತೆ ನಡೆಯಬೇಕು. ಹೀಗಾಗಿ ಆ ಊರಲ್ಲಿ ಸತ್ತೂ ಸಾಯದವರು ಬಹಳ. ಪೇಟೆಯ ಕಿರಾಣಿ ಅಂಗಡಿಯ ಗಾದಿಯ ಮೇಲೆ ಯಾರೂ ಕೂರದ ಒಂದು ಜಾಗ ಇತ್ತು. ಗಿರಾಕಿಗಳು ಆ ಜಾಗಕ್ಕೆ "ಆರಾಮೇನ್ರಿ ಸಾವಕಾರ್ರ" ಎಂದು ಕೇಳಿಯೇ ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದರು. ಸ್ವಲ್ಪ ದಿನದಲ್ಲಿ ನಾನೂ ಕೇಳತೊಡಗಿದೆ. ಊರಿಗೆ ಬಂದವನು ನೀರಿಗೆ ಬಾರದೆ ಇರುತ್ತಾನೆಯೇ?

ನನ್ನನ್ನು ಬಂದಾರ ಎಂದು ಕೂಗಿ ಉಳಿಸಿದವನು ದುಂಡಪ್ಪ. ಆಯಿತು ಎನ್ನುವುದು ಅವನ ಪಾಲಿನ ಕೆಲಸ. ಬಂದಿಲ್ಲ ಎಂದವನು ಈರಬಸಪ್ಪ, ಆಗಿಲ್ಲ ಎನ್ನುವುದು ಅವನ ಪಾಲು. ಮೀಸೆ ಮೂಡುವ ಮೊದಲಿನಿಂದ ಇಬ್ಬರೂ ಜೋಡಿ. ಬೆಳಗಾದರೆ ಕೆರೆಯ ಈ ದಂಡೆಗೆ ಒಬ್ಬ, ಆ ದಂಡೆಗೆ ಒಬ್ಬ ನಿಂತು, ದನಿ ಸಮ ಮಾಡಿಕೊಳ್ಳಲು ಕೂಗುತ್ತಿದ್ದರು. ಹೊಸಬನಾದ ನನಗೆ ಮೊದಮೊದಲು ನಿದ್ದೆ ಹಾಳಾಗಿ ಸಿಟ್ಟು ಬರುತ್ತಿತ್ತು. ಆಮೇಲೆ ಆ ಕೂಗು ಕೇಳದಿದ್ದರೆ ಎಚ್ಚರವೇ ಆಗದಂತಾಯಿತು.

ನಾನು ಬಾಡಿಗೆಗೆ ಹಿಡಿದದ್ದು ದುಂಡಪ್ಪನ ಮನೆಯ ಮುಂದಿನ ಕೋಣೆ. ಊಟವೂ ಅಲ್ಲೇ. ಅವನ ಹೆಂಡತಿ ತಂಗೆವ್ವ, ಕಡ್ಡಿಯಂಥ ಹೆಂಗಸು, ಬಾಯಿ ಜೋರು, ಕೈ ಇನ್ನೂ ಜೋರು; ಮಾತಾಡುತ್ತಲೇ ಬುಟ್ಟಿ ತುಂಬ ರೊಟ್ಟಿ ಬಡಿದು ಹಾಕುತ್ತಿದ್ದಳು. ಮೊದಲ ರಾತ್ರಿ ಊಟಕ್ಕೆ ಕೂತಾಗ ನಾವು ಮೂವರು, ತಾಟು ನಾಲ್ಕು. ನಾಲ್ಕನೆಯದಕ್ಕೂ ಆಕೆ ರೊಟ್ಟಿ ಇಟ್ಟಳು, ಪಲ್ಯ ಹಾಕಿದಳು, ಶೇಂಗಾ ಹಿಂಡಿ ಚಟ್ನಿಯ ಮೇಲೆ ಎಣ್ಣೆ ಬಿಟ್ಟಳು. ನಾನು ನೋಡುವುದನ್ನು ನೋಡಿ, "ನಮ್ಮ ಕಸ್ತೂರಿದ್ರಿ. ಅಜ್ಜಿ ಊರಿಗೆ ಹೋಗ್ಯಾಳ, ಬರೂ ಹೊತ್ತಾತು" ಎಂದಳು. ಗೂಟಕ್ಕೆ ಒಂದು ಹೊಸ ಸೀರೆ ನೇತುಹಾಕಿತ್ತು. ಅದರ ಕೆಳಗೆ ಒಂದರೊಳಗೊಂದು ಲಂಗಗಳು, ಒಳಗಿನದು ತೀರ ಚಿಕ್ಕದು. ದುಂಡಪ್ಪ ತಲೆ ಎತ್ತದೆ ಉಂಡು ಎದ್ದ.

ಕಸ್ತೂರಿಗೆ ಏನಾಯಿತು ಎಂದು ಊರೊಳಗೆ ಯಾರೂ ನನಗೆ ಹೇಳುವಂತಿರಲಿಲ್ಲ. ಹೇಳಿದವನು ಈರಬಸಪ್ಪ, ಅದೂ ನನ್ನನ್ನು ಊರ ಗಡಿಯ ಕಲ್ಲು ದಾಟಿಸಿ, ಜಾಲಿಯ ನೆರಳಿಗೆ ಕರೆದುಕೊಂಡು ಹೋಗಿ. ಹುಡುಗಿ ಶಾಲೆಯ ಸೂಟಿಗೆಂದು ತಾಯಿಯ ತವರಿಗೆ ಹೋಗಿದ್ದಳು. ಅಲ್ಲಿ ಜ್ವರ ಬಂತು. ಸುದ್ದಿ ತಿಳಿದು ದುಂಡಪ್ಪ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಅವನು ಒಬ್ಬನೇ ತಿರುಗಿ ಬಂದು, ಮನೆಗೆ ಹೋಗದೆ, ಇದೇ ಜಾಲಿಯ ಕೆಳಗೆ ಕೂತು ಈರಬಸಪ್ಪನಿಗೆ ಹೇಳಿಕಳಿಸಿದ. ಇಬ್ಬರೂ ಕೂಡಿ ದುಂಡಪ್ಪನದೇ ಬಾಗಿಲಿಗೆ ಹೋದರು. ತಂಗೆವ್ವ ಹಿಟ್ಟಿನ ಕೈಯಲ್ಲಿ ಹೊರಗೆ ಬಂದಳು. ತನ್ನ ಮನೆಯ ಮುಂದೆ ನಿಂತು ದುಂಡಪ್ಪ "ಕಸ್ತೂರಿ ತೀರಿಕೊಂಡಾಳ" ಎಂದು ಕೂಗಿದ. ಈರಬಸಪ್ಪ "ಕಸ್ತೂರಿ ತೀರಿಕೊಂಡಿಲ್ಲ, ಅದಾಳ" ಎಂದು ಕೂಗಿದ. ಗೌಡರು ಸಮ ಎಂದರು. ತಂಗೆವ್ವ ಒಳಗಿಂದ ಮಜ್ಜಿಗೆ ತಂದಳು, ಗಂಡನ ಮುಂದೆ ಹಾದುಹೋಗಿ ಈರಬಸಪ್ಪನ ಕೈಗೆ ಕೊಟ್ಟಳು.

"ನಾ ಕುಡದ್ನಿರಿ ಮಾಸ್ತರ್ರ" ಎಂದ ಈರಬಸಪ್ಪ. "ಕುಡೀಲೇಬೇಕು, ರೀತಿ ಅದು. ಅವನ ಮಾರಿ ಕಡೆ ನೋಡಲಿಲ್ಲ ನಾನು. ಆ ಮ್ಯಾಲೆ ಅಂವ ನನಗ ಒಂದ ಮಾತ ಅಂದಿಲ್ಲ. ಅಂದಿದ್ರ ಚಲೋ ಆಗತಿತ್ತು."

ಅಂದಿನಿಂದ ಆ ಮನೆಯಲ್ಲಿ ಕಸ್ತೂರಿ ಇದ್ದಾಳೆ. ನೆರೆಯವರು "ಕಸ್ತೂರಿ ಯಾವಾಗ ಬರ್ತಾಳ್ರಿ" ಎಂದು ಕೇಳುತ್ತಾರೆ, ತಂಗೆವ್ವ "ಬರ್ತಾಳ, ಇನ್ನೇನ" ಎನ್ನುತ್ತಾಳೆ. ವರ್ಷಕ್ಕೊಂದು ಲಂಗ ಹೊಲಿಸಿದಳು, ಹುಡುಗಿಗೆ ವಯಸ್ಸಾದ ಮೇಲೆ ಸೀರೆ ತಂದಳು. ಇತ್ತ ದುಂಡಪ್ಪ ಮಗಳಿಗೊಂದು ದೀಪ ಹಚ್ಚುವಂತಿಲ್ಲ, ಒಂದು ಎಡೆ ಇಡುವಂತಿಲ್ಲ, ಕಣ್ಣು ಒರೆಸಿಕೊಂಡರೂ "ಏನಾತೋ, ಕಣ್ಣಿಗೆ ಹೊಗಿ ಹತ್ತಿತೇನು" ಎಂದು ಜನ ಕೇಳುತ್ತಾರೆ. ಇರುವ ಮಗಳಿಗಾಗಿ ಯಾರಾದರೂ ಅಳುತ್ತಾರೆಯೇ?

ಸಂಜೆ ನಾನು ಮರುದಿನದ ಪಾಠ ನೋಡಿಕೊಳ್ಳುವ ಹೊತ್ತಿಗೆ ದುಂಡಪ್ಪ ಬಂದು ಗೋಡೆಗೆ ಒರಗಿ ಕೂರುತ್ತಿದ್ದ. ಒಮ್ಮೆ ಕೇಳಿದ, "ಸಮ ಅನ್ನೂದಕ್ಕ ನಿಮ್ಮ ಇಂಗ್ಲಿಷಿನಾಗ ಏನಂತಾರ್ರಿ?" ಈಕ್ವಲ್ ಎಂದೆ. ಅದನ್ನು ಬಾಯಲ್ಲಿ ಹೊರಳಿಸಿ ನೋಡಿದ. ಮರುದಿನ ಬಂದು ಅದರ ಅಣ್ಣತಮ್ಮಂದಿರನ್ನು ಕೇಳಿದ. ಕಲಿಸುವ ಚಟ ಇರುವವನಿಗೆ ಇನ್ನೇನು ಬೇಕು, ನಾನು ಶುರುಮಾಡಿದೆ. ಈಕ್ವಾಲಿಟಿ ಅಂದರೆ ಎಲ್ಲರಿಗೂ ಒಂದೇ ಅಳತೆ, ಮೂವರಿಗೂ ಎರಡೆರಡು ರೊಟ್ಟಿ. ಈಕ್ವಿಟಿ ಅಂದರೆ ಹಸಿವು ನೋಡಿ ಬಡಿಸುವುದು, ದುಡಿದು ಬಂದವನಿಗೆ ನಾಲ್ಕು, ಕೂತು ಓದುವವನಿಗೆ ಎರಡು. ಒಲೆಯ ಮುಂದಿನಿಂದ ತಂಗೆವ್ವ, "ಹಂಗಾದ್ರ ಮಾಸ್ತರಿಗೆ ನಾಳಿಂದ ಎರಡ ರೊಟ್ಟಿ ಸಾಕು ಬಿಡ್ರಿ" ಎಂದಳು. ನಾಲ್ಕಕ್ಕೆ ಕಡಿಮೆ ಉಣ್ಣದ ನಾನು ಬೇಗನೆ ಮುಂದಿನ ಪದಕ್ಕೆ ಹೋದೆ. ಆ್ಯಂಬಿಗ್ಯುಯಸ್ ಅಂದರೆ ಎರಡೂ ಕಡೆಗೆ ಎಳೆಯುವ ಮಾತು, ಹೀಗೋ ಹಾಗೋ ತಿಳಿಯದ್ದು. "ನಮ್ಮ ಊರಿಗೆ ಇಡಬೇಕಾಗಿತ್ತಲ್ರಿ ಆ ಹೆಸರು" ಎಂದು ದುಂಡಪ್ಪ ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಈಕ್ವಿವೋಕಲ್ ಎಂಬ ಪದ ಬಂದ ದಿನ ಅವನು ನೆಟ್ಟಗೆ ಕೂತ. ಸಮ ಎಂಬ ಒಂದು ತುಂಡು, ದನಿ ಎಂಬ ಒಂದು ತುಂಡು ಕೂಡಿಸಿ ಮಾಡಿದ ಮಾತು ಅದು ಎಂದು ನಾನು ಬಿಡಿಸಿ ಹೇಳಿದೆ.

"ಅಂದ್ರ ನಾವ ಅಲ್ಲೇನ್ರಿ ಅದು?"

"ಹೌದು. ಆದರೆ ಈಗ ಅದನ್ನು ಸ್ವಲ್ಪ ಬೈಗುಳದ ಹಾಗೆ ಬಳಸುತ್ತಾರೆ. ನೆಟ್ಟಗೆ ಹೇಳದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವನಿಗೆ ಹಾಗನ್ನುತ್ತಾರೆ."

ಅವನ ಮುಖ ಸಣ್ಣದಾಯಿತು. "ನಾವಿಬ್ಬರೂ ನೆಟ್ಟಗನ ಹೇಳ್ತೀವಲ್ರಿ. ನಾ ನೆಟ್ಟಗ ಒಂದ ಹೇಳ್ತೀನಿ, ಅಂವ ನೆಟ್ಟಗ ಇನ್ನೊಂದ ಹೇಳ್ತಾನ. ಅಡ್ಡಗ್ವಾಡಿ ಯಾರು?" ಸಮಾಧಾನಕ್ಕೆಂದು ಅದರ ಎದುರು ಮಾತನ್ನೂ ಹೇಳಿದೆ: ಅನ್‌ಈಕ್ವಿವೋಕಲ್. ಒಂದೇ ದನಿಯದು, ಅನುಮಾನಕ್ಕೆ ಎಡೆ ಇಲ್ಲದ್ದು.

"ಸುದ್ದಿ ಒಂದ ದನಿಯಾಗ ಬರೂ ಊರು ಅದಾವೇನ್ರಿ?"

"ಎಲ್ಲ ಊರೂ ಹಾಗೇ. ನಮ್ಮ ಕಡೆ ಒಬ್ಬನೇ ಬಂದು ಹೇಳಿ ಹೋಗುತ್ತಾನೆ."

"ಆಗ ಮನಿಯವರು ಏನ ಮಾಡ್ತಾರ?"

"ಅಳುತ್ತಾರೆ."

"ಎಲ್ಲಾರೂ ಕೂಡೇನ? ಗಂಡ ಹೆಂಡತಿ ಇಬ್ಬರೂ?"

"ಇಬ್ಬರೂ."

ಅವನು ಮೊಣಕಾಲಿಗೆ ಕೈ ಊರಿದ. "ಪುಣ್ಯವಂತರು" ಎಂದು ಎದ್ದು ಹೋದ. ಅದಾದ ಮೇಲೆ ಅವನು ಹೊಸ ಪದ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅವನ ದನಿ ಒಡೆಯತೊಡಗಿತು. ಶೀತ ಎಂದುಕೊಂಡೆವು, ಮೆಣಸಿನ ಕಷಾಯ ಕುಡಿಸಿದೆವು. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಪಕ್ಕದ ಪಟ್ಟಣದ ಡಾಕ್ಟರು ನೋಡಿ, ಹೊತ್ತು ಮೀರಿದೆ ಎಂದು ನನ್ನನ್ನು ಬದಿಗೆ ಕರೆದು ಹೇಳಿದರು. ಡಾಕ್ಟರು ಒಬ್ಬರೇ ಹೇಳಿದ್ದರಿಂದ ಊರಿನ ಲೆಕ್ಕಕ್ಕೆ ಅದು ಸುದ್ದಿಯಲ್ಲ. ದುಂಡಪ್ಪ ಕೂಗಲು ಹೋಗುತ್ತಲೇ ಇದ್ದ. ವಿಚಿತ್ರವೆಂದರೆ ಗೌಡರು ಸಮ ಎನ್ನುತ್ತಲೇ ಇದ್ದರು. ಕೆರೆಯ ಆಚೆ ದಂಡೆ ಮುಟ್ಟುವ ಕಂಠದ ಈರಬಸಪ್ಪ, ಜೋಡಿಯ ದನಿ ಎಷ್ಟು ಇಳಿಯಿತೋ ಅಷ್ಟು ತನ್ನದನ್ನೂ ಇಳಿಸಿಕೊಂಡು ಕೂಗುತ್ತಿದ್ದ. ಓಣಿಯ ಕೊನೆಯ ಮನೆಯವರು, "ಈಗೀಗ ಇಬ್ಬರ ಸುದ್ದಿನೂ ಕೇಳಿಸಂಗಿಲ್ಲ, ವಯಸ್ಸಾತು ಇವರಿಗೆ" ಎಂದು ಗೊಣಗಿದರು.

ಆ ಊರಲ್ಲಿ ಮರುಕೂಗು ಎಂಬುದೊಂದಿದೆ. ಅಂದು ತಮ್ಮ ಕೈಯಾರೆ ಮಜ್ಜಿಗೆ ಕೊಟ್ಟವರೇ ಬಯಸಿ ಕರೆಸಿದರೆ, ಹಳೆಯ ಸುದ್ದಿಯನ್ನು ಅದೇ ಇಬ್ಬರು ಇನ್ನೊಮ್ಮೆ ಕೂಗಬಹುದು, ಮಜ್ಜಿಗೆಯನ್ನು ಇನ್ನೊಬ್ಬನ ಕೈಗೆ ಕೊಡಬಹುದು. ಆದರೆ ಅದೇ ಇಬ್ಬರೇ ಆಗಬೇಕು. ಅವರಲ್ಲೊಬ್ಬ ಇಲ್ಲವಾದನೆಂದರೆ ಮೊದಲು ಕೊಟ್ಟದ್ದೇ ಕಾಯಂ. ಅಂದರೆ ದುಂಡಪ್ಪ ಹೋದರೆ ಕಸ್ತೂರಿ ಇನ್ನು ಯಾವತ್ತಿಗೂ ಸಾಯುವಂತಿಲ್ಲ. ಅವಳಿಗಾಗಿ ಯಾರೂ ಅಳುವಂತಿಲ್ಲ.

ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ಅವನು ಹೆಂಡತಿಗೆ ಹೇಳಿದ್ದು ನನ್ನ ಕೋಣೆಗೂ ಕೇಳಿಸಿತು. ಅವನು ಆಕೆಯನ್ನು ಕರೆಯುತ್ತಿದ್ದುದೇ ಮಗಳ ಹೆಸರು ಹಿಡಿದು. "ಕಸ್ತೂರಿಯವ್ವ, ಒಮ್ಮಿ ಮರುಕೂಗು ಕರಸು. ನನ್ನ ದನಿ ಇರೂದ್ರಾಗ."

"ಯಾತರದು ಮರುಕೂಗು?"

"ನಿನಗ ಗೊತ್ತೈತಿ."

"ನನಗೇನೂ ಗೊತ್ತಿಲ್ಲ. ಒಬ್ಬರ ಮಾತು ಈ ಊರಾಗ ಮಾತಲ್ಲ."

"ನಾ ಏನ ಬ್ಯಾರೆ ಕೇಳಿಲ್ಲ ನಿನಗ" ಎಂದ ದುಂಡಪ್ಪ. ಅವನ ದನಿ ಹರಿದ ಬಟ್ಟೆಯಂತಾಗಿತ್ತು. "ಒಮ್ಮಿ ಬಾಯಿ ತಗದು ಗಟ್ಟಿಯಾಗಿ ಅತ್ತು ಹೋಗ್ತೀನಿ. ಅಷ್ಟ ಸಾಕು. ಆಕಿನ್ನ ಮಣ್ಣಾಗ ಇಟ್ಟ ಜಾಗ ಕಣ್ಣಾರೆ ನೋಡಿ ಬಂದೀನಿ. ಅವತ್ತಿಂದ ಎದಿಯಾಗ ಕುಂತೈತಿ ಅದು, ಉಣ್ಣಾಕ ಬಿಡವಲ್ದು, ಮಲಗಾಕ ಬಿಡವಲ್ದು."

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅವತ್ತ ಬಾಗಲಾಗ ನಿಂತು ಕೂಗಿದ್ರಲ್ಲ," ಎಂದಳು ತಂಗೆವ್ವ, "ಒಂದ ಚೂರ ದನಿ ನಡಗಲಿಲ್ಲ ನಿಮ್ದು. ಯಾರದೋ ಎಮ್ಮಿ ಕಳದದ್ದು ಹೇಳಿದಂಗ ಹೇಳಿದ್ರಿ. ಹೆತ್ತ ಮಗಳು ಹೋಗಿದ್ರ ಅಪ್ಪನ ದನಿ ಹಂಗಿರತೈತೇನು? ನಿಮ್ಮ ದನಿ ಕೇಳೇ ನಾ ಸುಳ್ಳ ಅನ್ಕೊಂಡೆ. ಸುಳ್ಳ ಇರಬೇಕು ಅಂತ ಈರಬಸಣ್ಣನ ಕೈಗೆ ಕೊಟ್ಟೆ."

"ನಡಗಿದ್ರ ಗೌಡರು ಸಮ ಅಂತಿದ್ದಿಲ್ಲ. ಮರುದಿನ ಮತ್ತ ಬಂದು ಕೂಗಬೇಕಾಗತಿತ್ತು. ಆ ಮಾತನ್ನ ನಿನಗ ಎರಡ ಸಲ ಹೆಂಗ ಹೇಳಲಿ ನಾನು?"

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕಮರು ವಾಸನೆ ಮನೆಯೆಲ್ಲ ತುಂಬಿತು. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಊಟವಾದ ಮೇಲೆ ದುಂಡಪ್ಪ ನನ್ನ ಕೋಣೆಗೆ ಬಂದು ಕೂತ. "ನೀವು ಹೇಳಿದ್ರಲ್ಲ ಮಾಸ್ತರ್ರ, ಅಳತಿ ಬ್ಯಾರೆ, ಪಾಲು ಬ್ಯಾರೆ ಅಂತ. ನಾವು ದನಿ ಸಮ ಮಾಡಿದ್ವಿ, ಪಾಲು ಸಮ ಆಗಲಿಲ್ಲ. ಆಕಿಗೆ ಮಗಳು ಅದಾಳ. ನನಗ ಮಗಳೂ ಇಲ್ಲ, ಮಗಳು ಸತ್ತದ್ದೂ ಇಲ್ಲ" ಎಂದ. ನಾನು ಅವನ ಕೈ ಹಿಡಿದುಕೊಂಡೆ, ಅಷ್ಟೇ.

ಆಕೆ ಮರುಕೂಗು ಕರೆಸಲಿಲ್ಲ. ಹಟಮಾರಿ ಎಂದು ನನಗೂ ಸಿಟ್ಟು ಬಂತು. ಆದರೆ ನಾನ್ಯಾರು ಹೇಳಲು? ಹೆತ್ತ ಕರುಳು ಆಕೆಯದು. ಬಾಗಿಲಲ್ಲಿ ಒಂದು ಲೋಟ ಕೈ ಬದಲಿಸಿದರೆ ಮಗಳು ಸಾಯುತ್ತಾಳೆ ಎಂದಾದರೆ ಯಾವ ತಾಯಿಯ ಕೈ ಮೇಲೇಳುತ್ತದೆ?

ಹೀಗಿರುವಾಗ ಕೆಳಗಿನ ಓಣಿಯ ನೀಲಗಂಗವ್ವ ಎಂಬಾಕೆ ಹೆಣ್ಣು ಕೇಳಲು ಬಂದಳು. ಆಕೆಯ ಮಗ ಮಿಲಿಟರಿಗೆ ಹೋಗಿ ತಿರುಗಿ ಬಾರದವನು, ಕಸ್ತೂರಿ ಇದ್ದ ಹಾಗೆಯೇ ಇದ್ದವನು. ಅಂಥ ಜೋಡಿಗಳಿಗೆ ಆ ಊರಲ್ಲಿ ಲಗ್ನ ಮಾಡುತ್ತಿದ್ದರು. ನಾನೂ ಒಂದಕ್ಕೆ ಹೋಗಿ ಎರಡು ಖಾಲಿ ಮಣೆಗಳ ಮೇಲೆ ಅಕ್ಷತೆ ಹಾಕಿ ಉಂಡು ಬಂದಿದ್ದೆ. ತಂಗೆವ್ವನ ಮುಖ ಅರಳಿತು. ಕುಂಕುಮ ಕೊಟ್ಟಳು, ಚಾ ಮಾಡಿದಳು. ನೀಲಗಂಗವ್ವ ಚಾ ಕುಡಿಯುತ್ತ, "ಲಗ್ನ ಆದ ಮ್ಯಾಲೆ ಆಕಿ ನಮ್ಮನಿಯಾಕಿ ನೋಡ್ರಿ. ತಾಟು, ಸೀರಿ ಎಲ್ಲಾ ನಮ್ಮನಿಗೇ ಬರಬೇಕು" ಎಂದಳು. ತಂಗೆವ್ವ ಗೂಟದ ಕಡೆ ನೋಡಿದಳು. ಆಮೇಲೆ ಒಳಗೆ ಹಾಸಿಗೆ ಹಿಡಿದಿದ್ದ ಗಂಡನ ಹತ್ತಿರ ಹೋಗಿ, "ಏನಂತೀರಿ? ಕೊಡೂಣೇನು?" ಎಂದು ಕೇಳಿದಳು.

ದುಂಡಪ್ಪನ ದನಿಯಲ್ಲಿ ಆಗ ಉಸಿರೇ ಹೆಚ್ಚು. "ನಿನ್ನ ಮಗಳು," ಎಂದ, "ನಿನ್ನ ಮನಸ್ಸಿಗೆ ಬಂದಂಗ ಮಾಡು."

ನೀಲಗಂಗವ್ವನನ್ನು ಏನೋ ಹೇಳಿ ಕಳಿಸಿ ತಂಗೆವ್ವ ನನ್ನ ಕೋಣೆಯ ಬಾಗಿಲಿಗೆ ಬಂದು ನೆಲದ ಮೇಲೆ ಕೂತಳು. ಬಾಯಿ ಜೋರಿನ ಆ ಹೆಂಗಸು ಮಾತು ಹುಡುಕುತ್ತಿದ್ದಳು. "ನಿನ್ನ ಮಗಳು ಅಂದ್ರು, ಕೇಳಿದ್ರೇನ್ರಿ ಮಾಸ್ತರ್ರ? ನಮ್ಮ ಮಗಳು ಅನ್ನಲಿಲ್ಲ. ಆಕಿ ಹುಟ್ಟಿದಾಗ ಊರ ತುಂಬ ಬೆಲ್ಲ ಹಂಚಿದವರು ಅವರು. ಆಕಿನ್ನ ಹೆಗಲ ಮ್ಯಾಲಿಂದ ಇಳಸಿದವರಲ್ಲ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾ ಒಬ್ಬಾಕಿನ ಇಟಗೊಂಡು ಕುಂತ್ನೇನೋ ಆಕಿನ್ನ. ಅವರ ಪಾಲಿಗೆ ಏನೂ ಬಿಡಲಿಲ್ಲ."

ಒಳಗೆ ಹೋಗಿ ಗಂಡನ ಕಿವಿಯ ಹತ್ತಿರ ಬಾಗಿ, ಮರುಕೂಗು ಕರೆಸುತ್ತೇನೆ ಎಂದಳು. ಅವನು ಆಕೆಯ ಕೈಯನ್ನು ತನ್ನ ಎದೆಗೆ ಒತ್ತಿ ಹಿಡಿದ. "ಹುಣ್ಣಿವಿ ತನಕ ತಡೀರಿ" ಎಂದಳು ಆಕೆ. "ಹೋಳಿಗಿ ಅಂದ್ರ ಜೀವ ಬಿಡ್ತಿದ್ಲು. ಹುಣ್ಣಿವಿಗೆ ಹೋಳಿಗಿ ಮಾಡಿ ಕಡೀಕ ಒಮ್ಮಿ ಆಕಿ ತಾಟಿಗೆ ಬಡಸ್ತೀನಿ. ಮರುದಿನನ ಕರಸ್ತೀನಿ." ಅವನು ತಲೆ ಆಡಿಸಿದ. ಸುದ್ದಿ ಕೇಳಿ ಈರಬಸಪ್ಪ ಓಡಿ ಬಂದ. "ವೈನಿ, ನಾಳೆನ ಆಗಲಿ. ಅವನ ದನಿ ಇವತ್ತ ಇದ್ದಂಗ ನಾಡಿದ್ದ ಇರಂಗಿಲ್ಲ" ಎಂದು ಗೋಗರೆದ. "ಉಣಸದ ಹೆಂಗ ಕಳಸಲಿ ಈರಬಸಣ್ಣಾ?" ಎಂದಳು ತಂಗೆವ್ವ. ಚಂದ್ರ ಇನ್ನೂ ಅರ್ಧವೂ ಆಗಿರಲಿಲ್ಲ.

ಆ ದಿನಗಳಲ್ಲಿ ದುಂಡಪ್ಪ ಮಾತನ್ನೇ ಬಿಟ್ಟ. ಇದ್ದ ದನಿಯನ್ನು ಉಳಿಸಿಕೊಳ್ಳಲು ನೀರು ಬೇಕಾದರೂ ಚಪ್ಪಾಳೆ ತಟ್ಟುತ್ತಿದ್ದ, ನೋವಾದರೂ ನರಳುತ್ತಿರಲಿಲ್ಲ. ಹುಣ್ಣಿಮೆಯ ದಿನ ತಂಗೆವ್ವ ಕಡಲೆಬೇಳೆ ಬೇಯಿಸಿ, ಹೂರಣ ಅರೆದು, ತೆಳ್ಳಗಿನ ಹೋಳಿಗೆ ಮಾಡಿದಳು. ನಾಲ್ಕನೆಯ ತಾಟಿಗೆ ಹೋಳಿಗೆ ಇಟ್ಟು ತುಪ್ಪ ಸುರಿದಳು, ಸಾಕಾಗಲಿಲ್ಲವೆಂದು ಮತ್ತೆ ಸುರಿದಳು, "ಉಣ್ಣವಾ" ಎಂದಳು. ದುಂಡಪ್ಪನಿಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ. ಗೋಡೆಗೆ ಒರಗಿ ಆ ತಾಟನ್ನೇ ನೋಡುತ್ತ ಕೂತಿದ್ದ.

ಮರುದಿನ ಬೆಳಗ್ಗೆ ಓಣಿಯೆಲ್ಲ ನೆರೆಯಿತು. ಸೋಮನಗೌಡರು ಎದುರಿನ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಈರಬಸಪ್ಪನೂ ನಾನೂ ದುಂಡಪ್ಪನನ್ನು ಎತ್ತಿ ಹೊರಗೆ ತಂದೆವು. ಅವನು ರುಮಾಲು ಬೇಕೆಂದು ಸನ್ನೆ ಮಾಡಿದ, ಈರಬಸಪ್ಪನೇ ಸುತ್ತಿದ. ನಾನು ಹಿಂದಿನಿಂದ ರಟ್ಟೆ ಹಿಡಿದುಕೊಂಡೆ. ತನ್ನ ಮನೆಯ ಕಡೆ ಮುಖ ಮಾಡಿ ಅವನು ನಿಂತ. ತಂಗೆವ್ವ ಹೊಸ್ತಿಲ ಒಳಗಿದ್ದಳು, ಲೋಟ ಕೈಯಲ್ಲಿತ್ತು.

ದುಂಡಪ್ಪ ಬಾಯಿ ತೆರೆದ. ದನಿ ಬರಲಿಲ್ಲ. ಉಸಿರು ಎಳೆದುಕೊಂಡು ಮತ್ತೊಮ್ಮೆ ನೋಡಿದ. ಒಂದು ಪಿಸುಮಾತೂ ಹೊರಡಲಿಲ್ಲ. ಅಷ್ಟು ದಿನ ಕೂಡಿಟ್ಟುಕೊಂಡದ್ದು ಎಲ್ಲಿ ಹೋಯಿತೋ. ಕೊನೆಗೆ ಅವನು ತುಟಿಗಳನ್ನಷ್ಟೇ ಆಡಿಸಿದ, ಒಂದೊಂದೇ ಅಕ್ಷರ, ಓಣಿಯವರೆಲ್ಲ ಓದಿಕೊಳ್ಳುವಷ್ಟು ನಿಧಾನವಾಗಿ. ಕಸ್ತೂರಿ ತೀರಿಕೊಂಡಾಳ.

ಎಲ್ಲರೂ ಈರಬಸಪ್ಪನನ್ನು ನೋಡಿದರು. ಅವನು ಗಳಿಗೆ ಹೊತ್ತು ಜೋಡಿಯ ಮುಖವನ್ನೇ ನೋಡಿದ. ದನಿ ತೆಗೆದರೆ ಸಮ ಆಗುವುದಿಲ್ಲ. ಕೂಗದೆ ಬಿಟ್ಟರೆ ಒಂದೇ ಬಾಯಿಯ ಮಾತಾಗುತ್ತದೆ. ಅವನು ಬಾಗಿಲ ಕಡೆ ತಿರುಗಿ, ಆ ದೊಡ್ಡ ಎದೆಯ ತುಂಬ ಉಸಿರು ತುಂಬಿಕೊಂಡು, ಸದ್ದೇ ಇಲ್ಲದೆ ತುಟಿ ಆಡಿಸಿದ. ತೀರಿಕೊಂಡಿಲ್ಲ, ಅದಾಳ. ಅವನ ಕಣ್ಣಿಂದ ನೀರು ಮೀಸೆಗೆ ಇಳಿಯುತ್ತಿತ್ತು.

"ಕೂಗ್ರೆಪಾ" ಎಂದರು ಗೌಡರು, ಕಣ್ಣು ಮುಚ್ಚಿಕೊಂಡೇ.

"ಕೂಗಿದ್ರು ಗೌಡ್ರ" ಎಂದರು ಯಾರೋ.

"ನನಗೇನೂ ಕೇಳಲಿಲ್ಲಲ್ಲ."

"ಇಬ್ಬರದೂ ಕೇಳಲಿಲ್ಲೇನ್ರಿ?" ಎಂದು ಕೇಳಿದವಳು ಹೊಸ್ತಿಲ ಒಳಗಿನ ತಂಗೆವ್ವ.

"ಇಬ್ಬರದೂ ಇಲ್ಲವಾ."

ಗೌಡರು ಕಣ್ಣು ತೆರೆದು ಅವರಿಬ್ಬರನ್ನೂ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ, "ಹಂಗಾದ್ರ ಸಮ" ಎಂದರು.

ತಂಗೆವ್ವ ಹೊಸ್ತಿಲು ದಾಟಿದಳು. ಈರಬಸಪ್ಪನ ಮುಂದೆ ಹಾದು ಗಂಡನ ಹತ್ತಿರ ಬಂದು ಲೋಟವನ್ನು ಅವನ ಕೈಗೆ ಕೊಟ್ಟಳು. ಆಕೆಯೇ ತನ್ನ ಕೈ ಸೇರಿಸಿ ಬಾಯಿಗೆ ಹಿಡಿದಳು. ಮಜ್ಜಿಗೆ ಒಳಗೆ ಇಳಿಯಲಿಲ್ಲ, ಗದ್ದದ ಮೇಲೆ ಹರಿದು ಅಂಗಿಗೆ ಬಿತ್ತು. ಆಕೆ ಸೆರಗಿನಿಂದ ಗದ್ದ ಒರೆಸಿದಳು, ಕುತ್ತಿಗೆ ಒರೆಸಿದಳು, ಒರೆಸುತ್ತ ಒರೆಸುತ್ತ ಹಾಗೇ ಕುಸಿದು ಕೂತು, "ಕಸ್ತೂರಿ, ಹೋದ್ಯೇನ ನನ್ನವ್ವಾ" ಎಂದು ಎದೆ ಬಡಿದುಕೊಂಡಳು. ಅದನ್ನೇ ಕಾಯುತ್ತಿದ್ದವರಂತೆ ಓಣಿಯ ಹೆಂಗಸರೆಲ್ಲ ಬಂದು ಆಕೆಯನ್ನು ತಬ್ಬಿಕೊಂಡು ಅಳತೊಡಗಿದರು. ಈರಬಸಪ್ಪ ಕಟ್ಟೆಗೆ ತಲೆ ಹಚ್ಚಿ, ಆ ತನ್ನ ಕಂಠ ಬಿಟ್ಟು, ಗೋಳೋ ಎಂದು ಅತ್ತ. ನಾನೂ ಅತ್ತೆ. ನೋಡದ ಹುಡುಗಿ, ಆದರೂ ಅಳು ತಡೆಯಲಾಗಲಿಲ್ಲ.

ದುಂಡಪ್ಪನನ್ನು ಆಕೆಯ ಪಕ್ಕದಲ್ಲಿ ಕೂರಿಸಿದೆ. ಈಗ ಅವನು ಅಳಬಹುದಿತ್ತು, ಯಾರೂ ಬೇಡ ಎನ್ನುವಂತಿರಲಿಲ್ಲ. ಅವನು ತಲೆ ಹಿಂದಕ್ಕೆ ಚೆಲ್ಲಿ ಬಾಯಿಯನ್ನು ಅಗಲವಾಗಿ ತೆರೆದ. ಕುತ್ತಿಗೆಯ ನರಗಳೆಲ್ಲ ಎದ್ದು ನಿಂತವು, ಮುಖ ಕೆಂಪಾಯಿತು, ಮೈಯೆಲ್ಲ ಅದುರಿತು. ಸದ್ದು ಮಾತ್ರ ಬರಲಿಲ್ಲ. ತಂಗೆವ್ವ ತನ್ನ ಅಳು ನಿಲ್ಲಿಸಿ ಆ ತೆರೆದ ಬಾಯನ್ನು ನೋಡಿದಳು. ಆಮೇಲೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡು, ಅವನ ಪಾಲಿನದನ್ನೂ ತಾನೇ ಗಟ್ಟಿಯಾಗಿ ಅತ್ತಳು.